ವರಸೆಯಲ್ಲಿ ಅಣ್ಣ

ಕಾರವಾರದಿಂದ ಉಳ್ಳಾಲದವರೆಗೆ ಕಡಲ ಪಕ್ಕದಲ್ಲೇ ಸೈಕಲ್ ತುಳಿಯುತ್ತೇನೆ ಎಂದು ಮೇಘನ ಹೇಳಿದಾಗ ಅವಳ ಅವ್ವ ಜಯಲಕ್ಷ್ಮಮ್ಮ ಬೇಡವೆನ್ನಲಿಲ್ಲ.

"ಸಿದ್ದಾರ್ಥ ಜೊತೇಲಿ ಬಂದ್ರೆ ಓಗು. ವರಸೇಲಿ ಅಣ್ಣ ಆಗ್ಬೇಕು ಅವ್ನು. ಯಾವನು ಏನಂದಾನು?" ಎಂದರು.

ಆ ಸಿದ್ದಾರ್ಥ ನಾನೇ. ಪಾಂಡವಪುರದಲ್ಲಿ ನನ್ನದೊಂದು ಸೈಕಲ್ ಶಾಪ್ ಇದೆ. ಮೇಘನ ಅಲ್ಲೇ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಇಬ್ಬರ ಊರೂ ಕ್ಯಾತನಹಳ್ಳಿ, ಇಬ್ಬರ ಮನೆದೇವರೂ ಒಂದೇ. ನಮ್ಮಲ್ಲಿ ಒಂದೇ ಮನೆದೇವರ ಒಕ್ಕಲೆಂದರೆ ಅಣ್ಣತಮ್ಮಂದಿರು. ಹೆಣ್ಣು ಕೊಡುವಂತಿಲ್ಲ, ತರುವಂತಿಲ್ಲ. ಎಷ್ಟು ತಲೆಮಾರಿನ ಹಿಂದಿನ ಸಂಬಂಧವೋ, ಕೇಳಿದರೆ ಯಾರಿಗೂ ಗೊತ್ತಿಲ್ಲ. ಆದರೂ ಅವಳ ತಾತ ತೀರಿಕೊಂಡಾಗ ನಮ್ಮ ಮನೆಗೂ ಸೂತಕ, ನನ್ನ ತಲೆಯೂ ಬೋಳು. ಅತ್ತು ಅತ್ತು ಸುಸ್ತಾಗಿದ್ದ ಮೇಘನ ನನ್ನ ಬೋಳು ತಲೆ ನೋಡಿ ಕಿಸಕ್ಕನೆ ನಕ್ಕುಬಿಟ್ಟಿದ್ದಳು. ನನಗೆ ಶುರುವಾದದ್ದು ಅಂದೇ. ಎಂಟು ವರ್ಷವಾಯಿತು.

ಓಮ್ನಿಯ ಮೇಲೆ ಸೈಕಲ್ ಕಟ್ಟಿಕೊಂಡು ಕಾರವಾರಕ್ಕೆ ಹೋದೆವು. ಅಲ್ಲಿಂದ ಐದು ದಿನ ಅವಳು ಮುಂದೆ, ನಾನು ಹಿಂದೆ. ಲಾರಿಗಳು ಅವಳನ್ನು ಸವರಿಕೊಂಡು ಹೋಗದಂತೆ ನಿಧಾನವಾಗಿ ಗಾಡಿ ಓಡಿಸುವುದು, ನೀರು ಕೊಡುವುದು, ಪಂಚರ್ ಹಾಕುವುದು ನನ್ನ ಕೆಲಸ. ಏರು ಬಂದರೆ ಅವಳ ಎಡ ಭುಜ ಒಂಚೂರು ತಗ್ಗುತ್ತದೆ. ಖುಷಿಯಾದರೆ ಜಡೆ ಸುಮ್ಮಸುಮ್ಮನೆ ಅಲ್ಲಾಡುತ್ತದೆ. ಇಷ್ಟೆಲ್ಲ ತಿಳಿದುಕೊಂಡ ಅಣ್ಣ ಲೋಕದಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ಕುಮಟಾ ದಾಟಿದ ಮೇಲೆ ಗಾಲಿ ಪಂಚರ್ ಆಯಿತು. ನಾನು ಟಯರ್ ಬಿಚ್ಚುತ್ತಿದ್ದೆ, ಅವಳು ಎದುರಿಗೆ ಕುಕ್ಕರಗಾಲಲ್ಲಿ ಕುಳಿತಳು.

"ಏನ್ ಅಂಗೆ ನೋಡ್ತಿದ್ದೀಯ?"

"ಮುಳ್ಳೆಲ್ಲೈತೆ ಅಂತ."

"ಮುಳ್ಳು ನನ್ನ ಮುಖದಲ್ಲೈತಾ?"

ತಡಬಡಾಯಿಸಿ ಟ್ಯೂಬನ್ನು ನೀರಿಗೆ ಅದ್ದಿದೆ. ಗುಳ್ಳೆ ಎದ್ದದ್ದು ನನಗೆ ಕಾಣಲೇ ಇಲ್ಲ. ಅವಳೇ ಬೆರಳಿಟ್ಟು ತೋರಿಸಿದಳು. ಆಮೇಲೆ ಆ ಬೆರಳು ನನ್ನ ಬೆರಳಿನ ಮೇಲೆ ಬಂತು, ಅಲ್ಲೇ ನಿಂತಿತು. 

ಮರವಂತೆಯಲ್ಲಿ ರಸ್ತೆಯ ಬಲಕ್ಕೆ ಸಮುದ್ರ, ಎಡಕ್ಕೆ ಹೊಳೆ. ಸೈಕಲ್ಲನ್ನು ಬಂಡೆಗೆ ಒರಗಿಸಿ ಮೇಘನ ಬಹಳ ಹೊತ್ತು ನೀರು ನೋಡಿದಳು.

"ಸಿದ್ದು, ನಂಗೆ ಗಂಡು ನೋಡ್ತಾವ್ರೆ. ನಾಗಮಂಗಲದ ಕಡೆಯೋರು."

"ಗೊತ್ತು."

"ಗೊತ್ತಿದ್ದೂ ಸುಮ್ಕಿದ್ದೀಯ?"

"ಅಣ್ಣ ಆದೋನು ಇನ್ನೇನ್ ಮಾಡ್ಲಿ?"

"ಸಾಕು ಬುಡು, ಈ ಅಣ್ಣನ ಆಟ." ಅವಳ ಕಣ್ಣು ತುಂಬಿತು. "ನಂಗೆ ನೀನು ಬೇಕು. ಇನ್ನೆಂಗೆ ಹೇಳ್ಲಿ?"

"ನಂಗೂ ನೀನೇ ಬೇಕು ಕಣೇ" ಎಂದೆ. ಹೇಳಿದ ಮೇಲೆ ಹಗುರವಾಗುತ್ತದೆ ಅನ್ನುತ್ತಾರೆ. ನನಗೆ ಭಯವಾಯಿತು.

"ಓಡೋಗ್ಬುಡಾನ?"

"ನಿಮ್ಮವ್ವ ನನ್ನ ನಂಬಿ ಕಳ್ಸವ್ರೆ, ಮೇಘ."

"ಅದೇ ಆಗಿದ್ದು ನೋಡು. ನಂಬ್ದೇ ಇದ್ದಿದ್ರೆ ಓಡೋಗ್ಬೋದಿತ್ತು" ಎಂದು ಕೆನ್ನೆ ಒರೆಸಿಕೊಂಡಳು. "ಊರಿಗೋದ್ಮೇಲೆ ಅವ್ವನತ್ರ ಮಾತಾಡು. ಮಾತಾಡ್ತೀಯ ತಾನೆ?"

ಮಾತಾಡುತ್ತೇನೆ ಎಂದೆ. ಅಲ್ಲಿಂದ ಉಳ್ಳಾಲದವರೆಗೂ ಅವಳು ನಗುತ್ತಲೇ ತುಳಿದಳು.

ಕ್ಯಾತನಹಳ್ಳಿಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಜಯಲಕ್ಷ್ಮಮ್ಮ ನನ್ನ ಕೈ ಹಿಡಿದುಕೊಂಡರು. "ಇವಳಪ್ಪ ಇಲ್ಲ ಮಗ. ಅಣ್ಣನ ಜಾಗದಲ್ಲಿ ನೀನೇ ಓಗಿ ಗಂಡಿನ ಮನೆ ನೋಡ್ಕ ಬಾ. ನೀನು ಊ ಅಂದ್ರೆ ಊ, ಬ್ಯಾಡ ಅಂದ್ರೆ ಬ್ಯಾಡ. ಬೇರೆಯೋರ ಮಾತು ನಾನು ಕೇಳಾಕಿಲ್ಲ."

"ಚಿಕ್ಕವ್ವ, ಒಂದ್ಮಾತು..." ಎಂದೆ.

"ಒಂದ್ಯಾಕೆ, ಅತ್ತು ಮಾತು ಹೇಳೀಯಂತೆ. ನೋಡ್ಕ ಬಂದು ಹೇಳು." ಹಿಡಿದ ಕೈಯನ್ನು ಅವರು ಬಿಡಲಿಲ್ಲ, ನನ್ನ ಮಾತು ಅಲ್ಲಿಗೇ ನಿಂತಿತು.

ಗಾಡಿಯ ಹತ್ತಿರ ಬಂದ ಮೇಘನ ಪಿಸುಗುಟ್ಟಿದಳು. "ಬ್ಯಾಡ ಅಂದ್ಬುಡು. ಏನಾದ್ರೂ ಕುಂಟುನೆಪ ತಗಿ. ಒಂದು ವರ್ಷನಾದ್ರೂ ಸಿಗ್ತದೆ ನಮ್ಗೆ."

ಗಂಡಿನ ಊರಾದ ಬಿಂಡಿಗನವಿಲೆಗೆ ಹೋಗುವ ದಾರಿಯುದ್ದಕ್ಕೂ ಕುಂಟುನೆಪಗಳನ್ನೇ ಯೋಚಿಸಿದೆ. ಹುಡುಗನ ಹೆಸರು ದೇವರಾಜು, ಪಶು ಆಸ್ಪತ್ರೆಯಲ್ಲಿ ಕೆಲಸ. ಕಾಲು ತೊಳೆಯಲು ಅವನೇ ಚೊಂಬಿನಲ್ಲಿ ನೀರು ತಂದುಕೊಟ್ಟ. ಕುಡಿಯುತ್ತಾನಾ ಎಂದು ಅಕ್ಕಪಕ್ಕ ವಿಚಾರಿಸಿದೆ, ಅವ್ವನ ಮೇಲೆ ಸಿಡುಕುತ್ತಾನಾ ಎಂದು ಕಿವಿಗೊಟ್ಟು ಕೂತೆ. ಒಂದು ಹುಳುಕಾದರೂ ಸಿಗಲಿ ಎಂದು ಕಂಡ ದೇವರಿಗೆಲ್ಲ ಕೈಮುಗಿದೆ. ಸಿಗಲಿಲ್ಲ.

ಹೊರಡುವಾಗ ಅವನು ಓಮ್ನಿಯವರೆಗೂ ಬಂದ. "ಬಾವ, ಅವ್ರು ಸೈಕಲ್ ತುಳೀತಾರಂತೆ. ಮದ್ವೆ ಆದ್ಮೇಲೂ ತುಳೀಲಿ. ಅವ್ರ ಇಂದೆ ಗಾಡಿ ಎಂಗೆ ಓಡಿಸ್ಬೇಕು ಅಂತ ನಂಗೊಸಿ ಹೇಳ್ಕೊಡಿ."

ಹೇಳಿಕೊಟ್ಟೆ. ಏರಿನಲ್ಲಿ ತೀರ ಹತ್ತಿರ ಹೋಗಬಾರದು, ಅವಳು ಹೆದರುತ್ತಾಳೆ. ಹಾರ್ನ್ ಹೊಡೆಯಬಾರದು. ಅವಳಾಗಿ ನಿಲ್ಲಿಸುವವರೆಗೆ ನಿಲ್ಲು ಅನ್ನಬಾರದು. ಅವನು ಶ್ರದ್ಧೆಯಿಂದ ತಲೆಯಾಡಿಸಿದ.

ಕ್ಯಾತನಹಳ್ಳಿಗೆ ಬರುವಷ್ಟರಲ್ಲಿ ನನಗೆ ಎಲ್ಲ ತಿಳಿದುಹೋಗಿತ್ತು. ಇವನನ್ನು ಬೇಡವೆಂದರೆ ಇನ್ನೊಬ್ಬ ಬರುತ್ತಾನೆ, ಅವನು ಅವಳ ಸೈಕಲ್ಲನ್ನು ಅಟ್ಟಕ್ಕೆ ಹಾಕಿಸಬಹುದು. ಎಷ್ಟು ಜನ ಬಂದು ಹೋದರೂ ನಾನು ಅಣ್ಣನೇ.

ಜಯಲಕ್ಷ್ಮಮ್ಮ ಜಗಲಿಯಲ್ಲಿ ಕಾಯುತ್ತಿದ್ದರು. ಬಾಗಿಲ ಹಿಂದೆ ಮೇಘನ.

"ಒಳ್ಳೆ ಹುಡುಗ ಚಿಕ್ಕವ್ವ. ಕೊಡಿ" ಎಂದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಘನ ಹೊರಗೆ ಬಂದಳು. ನನ್ನ ಮುಖವನ್ನು ನೋಡಿದಳು, ತೀರ ಹತ್ತಿರದಿಂದ.

"ನಿಜವಾಗ್ಲೂ ಒಳ್ಳೇವ್ನಾ?"

"ಊ."

"ನಿಂಗೆ ಒಂದು ಸುಳ್ಳು ಹೇಳಾಕೂ ಬರಲ್ವಲ್ಲ" ಎಂದಳು.

ಜಯಲಕ್ಷ್ಮಮ್ಮ ನಕ್ಕುಬಿಟ್ಟರು. "ಅಣ್ಣ ತಂಗಿ ಕಿತ್ತಾಟ ಇದ್ದಿದ್ದೇ. ಇರಿ, ಬಾಯಿ ಸಿಹಿ ಮಾಡ್ಕಳಿ" ಎಂದು ಒಳಗೆ ಹೋದರು.

ಅವರು ಬರುವವರೆಗೆ ನಾವು ನಿಂತೇ ಇದ್ದೆವು. ಅವರು ತಂದ ಸಕ್ಕರೆಗೆ ಇಬ್ಬರೂ ಕೈಯೊಡ್ಡಿದೆವು.