ಅತ್ತೆಯ ಪಾತ್ರೆ ಎತ್ತಿದ ಭಾನುವಾರ

ಆವೆಲೀನು ತನ್ನದೆಂದು ನೆಲದಿಂದ ಎತ್ತಿದ್ದು ನನ್ನ ಅತ್ತೆಯ ಪಾತ್ರೆಯನ್ನು!

ನಮ್ಮ ದ್ವೀಪದ ಫುರ್ನಾಸ್ ಕೆರೆಯ ದಂಡೆಯಲ್ಲಿ ಇಂಥ ತಪ್ಪಿಗೆ ಕ್ಷಮೆಯಿಲ್ಲ. ಭಾನುವಾರ ನಸುಕಿಗೇ ಮಾಂಸ, ಕೋಸು, ಗೆಣಸು ತುಂಬಿದ ಪಾತ್ರೆಯನ್ನು ಬಿಸಿನೆಲದ ಗುಂಡಿಗೆ ಇಳಿಸಿ, ಮಣ್ಣು ಮುಚ್ಚಿ, ಮೇಲೆ ಮನೆಯ ಹೆಸರಿನ ಹಲಗೆ ನೆಡುತ್ತೇವೆ. ಮಧ್ಯಾಹ್ನದ ಹೊತ್ತಿಗೆ ನೆಲದಡಿಯ ಜ್ವಾಲಾಮುಖಿ ಬೇಯಿಸಿಕೊಡುತ್ತದೆ. ಇಂದು ಗಾಳಿಗೆ ಎರಡು ಹಲಗೆ ಬಿದ್ದಿದ್ದವು, ಅತ್ತೆಯದು ಮತ್ತು ಆವೆಲೀನುವಿನದು. ನನ್ನ ಹುಡುಗ ಅಂದಾಜಿನ ಮೇಲೆ ಅಗೆದ.

ನನ್ನ ಹುಡುಗ ಎಂದೆನೇ? ಹೌದು, ಎಂದೆ.

ನಾನು ಜುಲ್ಮೀರಾ. ಗಂಡ ಜಸಿಂತು ತೀರಿಕೊಂಡ ಮೇಲೆ ಅತ್ತೆಯ ಮನೆಯಲ್ಲೇ ಇದ್ದೆ, ವಿಧವೆಯ ಕಪ್ಪು ಬಟ್ಟೆಯಲ್ಲೇ ಇದ್ದೆ. ಊರಿನ ಬಿಸಿನೀರ ಬುಗ್ಗೆಯಲ್ಲಿ ಮುಸುಕಿನ ಜೋಳ ಬೇಯಿಸಿ ಪ್ರವಾಸಿಗರಿಗೆ ಮಾರುತ್ತೇನೆ. ಆವೆಲೀನು ಅವರನ್ನು ವ್ಯಾನಿನಲ್ಲಿ ಕರೆತರುವವನು. ಅವರು ಕಬ್ಬಿಣದಂಶದ ಕೆಂಪು ಬಿಸಿನೀರಿನ ಕೊಳದಲ್ಲಿ ಮುಳುಗಿ ಕೂತರೆ, ಇವನು ನನ್ನ ಅಂಗಡಿಯ ಮುಂದೆ ಹಾಜರ್.

"ಉಪ್ಪು ಕಮ್ಮಿ," ಅನ್ನುತ್ತಿದ್ದ.

"ಜೋಳ ನೋಡ್ಕೊಂಡು ತಿಂದ್ರೆ ಉಪ್ಪು ಗೊತ್ತಾಗತ್ತೆ. ನನ್ನ ಮುಖ ನೋಡ್ಕೊಂಡು ತಿಂದ್ರೆ?"

"ಹಂಗಾದ್ರೆ ಸಿಹಿ ಜಾಸ್ತಿ."

ಹೀಗೆ ಒಂದು ವರ್ಷ. ಕಳ್ಳ ನೋಟ, ಕಳ್ಳ ನಗು. ಚಿಲ್ಲರೆ ಕೊಡುವಾಗ ಬೆರಳು ತಾಗಿದರೆ ಸಂಜೆಯವರೆಗೂ ಬೆಚ್ಚಗೆ.

ನಿನ್ನೆ ಮಾತ್ರ ಅವನು ನಗಲಿಲ್ಲ. "ಪೀಕು ದ್ವೀಪದಲ್ಲಿ ತಿಮಿಂಗಿಲ ತೋರಿಸೋ ದೋಣೀಲಿ ಕೆಲಸ ಸಿಕ್ಕಿದೆ. ನಾಲ್ಕು ಜನರ ಎದುರು ಒಂದ್ಸಲ ನನ್ನ ಪಕ್ಕ ಕೂತ್ಕೋ, ಜುಲ್ಮೀರಾ. ಆಗಲ್ಲ ಅಂದ್ರೆ ನಾಳಿದ್ದು ಹೊರಟೆ. ಕಳ್ಳನ ಥರ ಪ್ರೀತಿಸಿ ಸಾಕಾಯ್ತು."

ಗಿರಾಕಿ ಬಂದರೆಂದು ನೆವ ಹೇಳಿ ಜೋಳದ ಕಡೆ ತಿರುಗಿಕೊಂಡೆ. ರಾತ್ರಿಯೆಲ್ಲ ನನ್ನನ್ನೇ ಬೈದುಕೊಂಡೆ.

ಈಗ ನೋಡಿದರೆ ದಂಡೆಯ ಮೇಜಿನಲ್ಲಿ ಆವೆಲೀನುವಿನ ಪ್ರವಾಸಿಗರು ಅತ್ತೆಯ ಮಾಂಸವನ್ನು ಚಪ್ಪರಿಸುತ್ತಿದ್ದಾರೆ! ಬ್ರೆಡ್ ಬುಟ್ಟಿ ಹಿಡಿದು ನನ್ನ ಜೊತೆ ಬಂದ ಅತ್ತೆ ಎರ್ಮೆಲಿಂಡಾ ತನ್ನ ಪಾತ್ರೆಯನ್ನು ದೂರದಿಂದಲೇ ಗುರುತು ಹಿಡಿದಳು.

"ಏ ಕಳ್ಳ! ನನ್ನ ಸೊಸೆ ಮೇಲೆ ಕಣ್ಣು ಹಾಕಿದ್ದು ಸಾಲ್ದು ಅಂತ ಪಾತ್ರೆಗೂ ಕೈ ಹಾಕಿದ್ಯಾ?"

ಅತ್ತೆಗೆ ಎಲ್ಲ ಗೊತ್ತಿತ್ತು!

"ತಪ್ಪಾಯ್ತು ಅಮ್ಮಾ. ನನ್ನ ಪಾತ್ರೆ ಪೂರ್ತಿ ನೀವೇ ತಗೊಳ್ಳಿ," ಎಂದ ಆವೆಲೀನು.

ಗುಂಡಿ ತೋಡುವ ಮುದುಕ ಜಿಲ್ ಸುಮ್ಮನಿರುತ್ತಾನೆಯೇ? "ಬಿಡಮ್ಮ, ಒಂದೇ ಪಾತ್ರೇಲಿ ಉಂಡ್ಮೇಲೆ ಒಂದೇ ಮನೆ ಆಯ್ತಲ್ಲ!"

ದಂಡೆಯೆಲ್ಲ ನಕ್ಕಿತು. ಅತ್ತೆಯ ಮುಖ ಕೆಂಡವಾಯಿತು. ಆವೆಲೀನು ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದ.

"ಅವಳನ್ನ ಏನೂ ಅನ್ಬೇಡಿ. ನಮ್ಮಿಬ್ಬರ ಮಧ್ಯೆ ಏನೂ ಇಲ್ಲ."

ನನ್ನ ಮಾನ ಉಳಿಸಲು ಹೇಳಿದ ಸುಳ್ಳು. ಆದರೆ ಕೇಳಿದ್ದೇ ತಡ, ನನಗೆ ನಖಶಿಖಾಂತ ಉರಿಯಿತು.

"ಏನೂ ಇಲ್ವಾ?" ಎಂದೆ, ಇಡೀ ದಂಡೆಗೆ ಕೇಳುವಂತೆ. "ವರ್ಷದಿಂದ ನನ್ನ ನಿದ್ದೆ ಕೆಡಿಸಿ, ಈಗ ಏನೂ ಇಲ್ವಾ? ಸರ್ಕೊಳ್ಳೋ ಅತ್ಲಾಗೆ!"

ಅವನ ಪಕ್ಕದ ಕುರ್ಚಿ ಎಳೆದೆ.

"ಅಲ್ಲಿ ಕೂತ್ರೆ ನನ್ನ ಮನೆ ಬಾಗ್ಲು ಮುಚ್ತು ಅಂತ ತಿಳ್ಕೋ," ಎಂದಳು ಅತ್ತೆ. ಬುಟ್ಟಿಯನ್ನು ಕೆಳಗಿಟ್ಟಳು. "ನನ್ನ ಮಗನ್ನ ಮರೆತೇಬಿಟ್ಯೇನೇ?"

"ಇಲ್ಲ ಅತ್ತೆ. ಜಸಿಂತುಗೋಸ್ಕರ ಅತ್ತಿದ್ದು ಸುಳ್ಳಲ್ಲ. ಇವನನ್ನ ಪ್ರೀತಿಸೋದೂ ಸುಳ್ಳಲ್ಲ. ಯಾವುದಕ್ಕೂ ನಾನು ನಾಚ್ಕೊಳ್ಳಲ್ಲ. ಬಾಗ್ಲು ಮುಚ್ಚೋದಾದ್ರೆ ಮುಚ್ಚಿ."

ಕೂತೆ.

ಅತ್ತೆ ಬುಟ್ಟಿ ಎತ್ತಿಕೊಂಡು ಹೊರಟಳು. ಅವಳ ಬಾಗಿದ ಬೆನ್ನು ನೋಡಿ ಸಂಕಟವಾಯಿತು, ಇಲ್ಲವೆನ್ನುವುದಿಲ್ಲ. ಆದರೂ ಏಳಲಿಲ್ಲ. ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಆವೆಲೀನುವಿನ ಬಲಗೈ ಹಿಡಿದೆ. ಅವನ ಕಣ್ಣು ತುಂಬಿತ್ತು.

"ಊರೆಲ್ಲ ನೋಡ್ತಿದೆ ಕಣೇ," ಎಂದು ಪಿಸುಗುಟ್ಟಿದ.

"ನೋಡ್ಲಿ."

"ಕೈ ಬಿಡು, ಊಟ ಆರ್ತಿದೆ."

"ಎಡಗೈಲಿ ತಿನ್ನೋದು ಕಲ್ತ್ಕೋ," ಎಂದೆ. "ನಾನಂತೂ ಬಿಡಲ್ಲ."