ಮೇಡಂಗೆ ಮೊಣಕಾಲು ನೋವು

“ನಿಂಗೆ ಹತ್ತು ವರ್ಷ ತುಂಬ್ಲಿ ಕಣಮ್ಮ. ಅವತ್ತು ನಿನ್ನ ಕುದುರೆ ಮೇಲೆ ಕೂರಿಸಿ, ಮುಂದೆ ಬ್ಯಾಂಡ್ ಇಟ್ಟು, ಮನೆಯಿಂದ ಸ್ಕೂಲ್ ತನಕ ಮೆರವಣಿಗೆ ಮಾಡಿಸ್ಲಿಲ್ಲ ಅಂದ್ರೆ ನನ್ನ ಹೆಸರು ಮುನಿಗಂಗಪ್ಪನೇ ಅಲ್ಲ!”

ತಾತ ಈ ಮಾತು ಕೊಟ್ಟಾಗ ಸಾನ್ವಿಗೆ ನಾಲ್ಕು ವರ್ಷ. ಅವತ್ತು ಚಿಕ್ಕಪೇಟೆಯ ಬಟ್ಟೆ ಅಂಗಡಿಯವರ ಮದುವೆ; ಮೆರವಣಿಗೆಗೆ ತಾತನ ಬಾಡಿಗೆ ಕುದುರೆ. ಮದುಮಗ ಮಾತ್ರ ಯಾಕೆ ಕುದುರೆ ಮೇಲೆ, ತಾನು ಯಾಕಲ್ಲ ಎಂದು ಸಾನ್ವಿ ರಸ್ತೆ ಮಧ್ಯದಲ್ಲೇ ಕೂತು ರಚ್ಚೆ ಹಿಡಿದಿದ್ದಳು. ಅಳು ನಿಲ್ಲಿಸಲು ತಾತನಿಗೆ ಬೇರೇನೂ ಹೊಳೆಯಲಿಲ್ಲ. ಮಾತು ಕೊಟ್ಟರು. ಅಳು ನಿಂತಿತು. ಆ ಮಾತನ್ನು ತಾತ ಅಲ್ಲೇ ಮರೆತರು.

ಸಾನ್ವಿ ಮರೆಯಲಿಲ್ಲ. “ಕುದುರೆ ಇರೋದು ದುಡಿಯೋಕೆ, ಆಟಕ್ಕಲ್ಲ” ಎಂದು ತಾತ ಅವಳನ್ನು ಒಂದು ದಿನವೂ ಅದರ ಮೇಲೆ ಹತ್ತಿಸಿರಲಿಲ್ಲ. ಪರವಾಗಿಲ್ಲ, ಹತ್ತು ವರ್ಷ ತುಂಬಲಿ ಎಂದು ಅವಳು ಕಾದೇ ಇದ್ದಳು.

ಆ ಕುದುರೆಯ ಹೆಸರು ಮೇಡಂ. ಬಿಳಿ ಹೆಣ್ಣು ಕುದುರೆ. ಮೊದಲು ಬೇರೆ ಏನೋ ಹೆಸರಿತ್ತಂತೆ. ಆದರೆ ಎಷ್ಟೋ ವರ್ಷ ಮದುವೆ ಮೆರವಣಿಗೆಗಳಲ್ಲಿ ಕುಣಿಯುವವರ ಹಿಂದೆಯೇ ನಡೆದು ಅದಕ್ಕೊಂದು ಅಭ್ಯಾಸವಾಗಿಬಿಟ್ಟಿತ್ತು. ಜೀನು ಬಿಗಿದು, ತಲೆಗೆ ಕುಚ್ಚು ಸಿಕ್ಕಿಸಿ, ಡ್ರಮ್ ಬಾರಿಸಿದ ಮೇಲೆ, ಮುಂದೆ ಯಾರಾದರೂ ಕುಣಿಯದಿದ್ದರೆ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ. ಮದುಮಗನ ದೊಡ್ಡಪ್ಪ, ಚಿಕ್ಕಪ್ಪ ಎಲ್ಲ ಬೆವರು ಸುರಿಸಿ ಕುಣಿದರೆ ಸರಿ. ಇಲ್ಲದಿದ್ದರೆ ‘ಇಷ್ಟೇನಾ?’ ಎಂಬಂತೆ ನೋಡುತ್ತಾ ನಿಂತಲ್ಲೇ ನಿಲ್ಲುವುದು.

“ಇವ್ರು ಹೆಡ್ ಮೇಡಂ ಕಣ್ರೀ. ನೀವೆಲ್ಲಾ ನೀಟಾಗಿ ಡ್ಯಾನ್ಸ್ ಮಾಡಿದ್ರೇನೇ ಪಾಸ್ ಮಾಡೋದು,” ಎಂದು ತಾತ ಒಮ್ಮೆ ತಮಾಷೆ ಮಾಡಿದ್ದೇ ಹೆಸರಾಗಿ ಅಂಟಿಕೊಂಡಿತು. ಅಲ್ಲಿಂದ ಆ ಮನೆಯಲ್ಲಿ ತಾತನಿಗೆ ‘ನೀನು’, ಕುದುರೆಗೆ ‘ನೀವು’.

ಒಂದು ಭಾನುವಾರ ಪಶು ಡಾಕ್ಟರು ಬಂದರು. ಮೇಡಂನ ಮುಂಗಾಲು ಎತ್ತಿ, ಮಡಿಸಿ, ಕೆಳಗಿಟ್ಟು, ತಲೆಯಾಡಿಸಿದರು.

“ಮೊಣಕಾಲು ಸವೆದುಹೋಗಿದೆ. ಟಾರ್ ರೋಡಲ್ಲಿ ಓಡಾಡಿ ಓಡಾಡಿ ಹೀಗಾಗಿದೆ, ವಯಸ್ಸು ಬೇರೆ. ಇನ್ಮೇಲೆ ಬೆನ್ನ ಮೇಲೆ ಯಾರನ್ನೂ ಕೂರಿಸ್ಬೇಡಿ. ಮೆತ್ತಗಿರೋ ಮಣ್ಣಿನ ನೆಲ ಇರೋ ಕಡೆ ಬಿಡಿ, ಆರಾಮಾಗಿರ್ತಾರೆ.”

ಅರ್ಧ ಗಂಟೆಯಲ್ಲಿ ಡಾಕ್ಟರಿಗೂ ಬಹುವಚನ ಅಂಟಿತ್ತು.

ಚಾಮರಾಜಪೇಟೆಯ ಅವರ ವಠಾರದಲ್ಲಿ ಮಣ್ಣು ಇದ್ದದ್ದು ತುಳಸಿ ಕಟ್ಟೆಯೊಳಗೆ ಮಾತ್ರ. ಉಳಿದದ್ದೆಲ್ಲ ಸಿಮೆಂಟು. ತಾತ ಅವತ್ತೇ ತಂಗಿ ಪಿಳ್ಳಮ್ಮನಿಗೆ ಫೋನ್ ಮಾಡಿದರು. ಹೊಸಕೋಟೆ ಕಡೆ ಪಿಳ್ಳಮ್ಮನದು ಹೂವಿನ ತೋಟ. ಅಲ್ಲಿಂದ ದಿನಾ ಬೆಳಗ್ಗೆ ಮುರುಗೇಶನ ಟೆಂಪೋದಲ್ಲಿ ಹೂವು ಬರುತ್ತಿತ್ತು; ಸಾನ್ವಿಯ ಅಮ್ಮ ಯಮುನಾ ಅದನ್ನು ಗಾಂಧಿ ಬಜಾರಿನಲ್ಲಿ ಮಾರುತ್ತಿದ್ದಳು. ವಾಪಸ್ ಹೋಗುವಾಗ ಟೆಂಪೋ ಖಾಲಿ.

“ಮಂಗಳವಾರ ಅದರಲ್ಲೇ ಮೇಡಂನ ಕಳಿಸ್ಬಿಡೋಣ,” ಎಂದರು ತಾತ.

ಮೇಡಂಗೆ ಹುರುಳಿ ತಿನ್ನಿಸುತ್ತಿದ್ದ ಸಾನ್ವಿ ಬಟ್ಟಲನ್ನು ಠಪ್ಪನೆ ಕೆಳಗಿಟ್ಟಳು. “ಮಂಗಳವಾರನಾ? ತಾತ, ಗುರುವಾರ ನನ್ನ ಬರ್ತ್‌ಡೇ!”

“ಹೌದಲ್ಲಾ! ದೊಡ್ಡ ಕೇಕ್ ತರೋಣ ಬಿಡು.”

“ಕೇಕ್ ಅಲ್ಲ. ಕುದುರೆ. ಬ್ಯಾಂಡ್. ಸ್ಕೂಲ್ ತನಕ. ಇಲ್ಲಾಂದ್ರೆ ನಿನ್ನ ಹೆಸರು ಮುನಿಗಂಗಪ್ಪ ಅಲ್ಲ.”

ತಾತ ತಲೆ ಕೆರೆದುಕೊಂಡರು. ಎಲ್ಲೋ ಬಿಟ್ಟುಬಂದಿದ್ದ ಮಾತು ಮನೆ ಹುಡುಕಿಕೊಂಡು ಬಂದು ಹೊಸ್ತಿಲ ಮೇಲೆ ಕೂತಿತ್ತು.

“ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವೇನೇ ನಿಂಗೆ?” ಎಂದಳು ಅಮ್ಮ, ಹೂ ಕಟ್ಟುತ್ತಿದ್ದ ಕೈ ನಿಲ್ಲಿಸದೆ.

“ಅವ್ರು ಹೇಳಿದ್ದು ಮದುಮಗಂದಿರ ವಿಷಯ. ನಾನು ಬರೀ ಇಪ್ಪತ್ತಾರು ಕೆಜಿ!”

“ನಿನ್ನ ಹಟದ ತೂಕ ಸೇರಿಸ್ಕೊಂಡಿದ್ಯಾ?”

ಸಾನ್ವಿಯ ಕೆಳತುಟಿ ಮುಂದೆ ಬಂತು. “ಕ್ಲಾಸಿಗೆಲ್ಲಾ ಹೇಳ್ಬಿಟ್ಟಿದೀನಿ ತಾತ…”

ಆ ತುಟಿಯ ಮುಂದೆ ತಾತ ಯಾವತ್ತೂ ಗೆದ್ದವರಲ್ಲ. “ಆಯ್ತು ಬಿಡಮ್ಮ, ಗುರುವಾರಾನೇ ಕಳ್ಸೋಣ. ನಾಲ್ಕು ಬೀದಿ ತಾನೆ? ಕೊಟ್ಟ ಮಾತು ಕೊಟ್ಟ ಮಾತೇ,” ಎಂದರು. ಹಾಗೆ ಹೇಳುವಾಗ ಅವರು ಮೇಡಂ ಕಡೆ ನೋಡಲಿಲ್ಲ.

ಮಾರನೆಯ ದಿನ ಕ್ಲಾಸಿನಲ್ಲಿ ಲೋಹಿತ್ ಶುರು ಮಾಡಿದ. ಅವನದು ಅದೇ ಬೀದಿ, ಅದೇ ಬೆಂಚು. ಸಾನ್ವಿಯನ್ನು ರೇಗಿಸದಿದ್ದರೆ ಅವನಿಗೆ ಟಿಫಿನ್ ಜೀರ್ಣವಾಗುತ್ತಿರಲಿಲ್ಲ.

“ಏನ್ ಮಗಾ, ಗುರುವಾರ ಕುದುರೆ ಮೇಲೆ ಬರ್ತೀಯೋ, ಇಲ್ಲಾ ದಿನಾ ಬರೋ ಥರ ಓಡ್ಕೊಂಡ್ ಬರ್ತೀಯೋ?”

“ನೋಡ್ತಿರು!” ಸಾನ್ವಿ ಎದ್ದು ನಿಂತು ಇಡೀ ಕ್ಲಾಸಿಗೇ ಹೇಳಿದಳು. “ಮೇಡಂಗೆ ವಯಸ್ಸಾಯ್ತು. ಮೊಣಕಾಲು ನೋವು, ಸ್ವಲ್ಪ ಕುಂಟ್ತಾರೆ. ಆದ್ರೂ ನನ್ನ ಹೊತ್ಕೊಂಡ್ ಬರ್ತಾರೆ. ಆಮೇಲೆ ಅವ್ರನ್ನ ಟೆಂಪೋಗೆ ಹತ್ತಿಸಿ ಹಳ್ಳಿಗೆ ಕಳಿಸ್ಬಿಡ್ತೀವಿ.”

ಕ್ಲಾಸೆಲ್ಲ ದಡಬಡನೆ ಎದ್ದು ನಿಂತಿತು. ಬಾಗಿಲಲ್ಲಿ ಕ್ಲಾಸ್ ಟೀಚರ್ ವಿನುತಾ ಮೇಡಂ ನಿಂತಿದ್ದರು.

“ಯಾವ ಮೇಡಂನಮ್ಮ ಟೆಂಪೋಗೆ ಹತ್ತಿಸೋದು?”

“ಅಯ್ಯೋ, ನಿಮ್ಮನ್ನಲ್ಲ ಮೇಡಂ! ಕುದುರೆ ಮೇಡಂನ! ನಿಮ್ಮ ಮೊಣಕಾಲು… ನಿಮ್ಮ ಮೊಣಕಾಲು ಚೆನ್ನಾಗಿದೆ ಮೇಡಂ.”

ಕ್ಲಾಸೆಲ್ಲ ಗೊಳ್ಳೆಂದಿತು. ವಿನುತಾ ಮೇಡಂಗೂ ನಗು ತಡೆಯಲಾಗಲಿಲ್ಲ. “ಎಲ್ಲಿ ಚೆನ್ನಾಗಿದೆ? ಮೂರು ಮಹಡಿ ಹತ್ತಿ ಬಂದು ನೋಡು, ಗೊತ್ತಾಗತ್ತೆ,” ಎಂದು ಟೇಬಲ್ಲಿಗೆ ಒಂದು ಕೈ ಊರಿ, ಉಸ್ಸಪ್ಪಾ ಎನ್ನುತ್ತಾ ಮೆಲ್ಲಗೆ ಕುರ್ಚಿಯಲ್ಲಿ ಕೂತರು. ಅವರು ಹಾಗೆ ಕೂರುವುದನ್ನು ಸಾನ್ವಿ ಅವತ್ತೇ ಮೊದಲು ಗಮನಿಸಿದ್ದು.

ಗುರುವಾರ ಬಂತು. ತಾತ ಬೆಳಗಾಗುವ ಮೊದಲೇ ಎದ್ದು, ಯೂನಿಫಾರ್ಮಿಗೆ ಹಾಕುವ ನೀಲಿಯನ್ನು ಬಕೆಟ್ಟಿಗೆ ಬೆರೆಸಿ ಮೇಡಂನ ತೊಳೆದರು. ಕೆಂಪು ಮಖಮಲ್ಲು ಹೊದಿಸಿ ಜೀನು ಬಿಗಿದರು. ಕುಚ್ಚು ಸಿಕ್ಕಿಸಿದರು. ಮುರುಗೇಶನ ಟೆಂಪೋ ಗಲ್ಲಿಯೊಳಗೆ ಬರುವಂತಿರಲಿಲ್ಲ; ಅದು ಸ್ಕೂಲ್ ಗೇಟಿನ ಪಕ್ಕ ಕಾಯುತ್ತಿತ್ತು.

ಮೆರವಣಿಗೆಗೆ ಬಂದದ್ದು ತಾತನ ಗೆಳೆಯ ರೇವಣಸಿದ್ದಯ್ಯ. ಹೆಗಲಲ್ಲೊಂದು ಡ್ರಮ್.

“ಬ್ಯಾಂಡ್ ಅಂದ್ರೆ ಇಷ್ಟೇನಾ?” ಎಂದಳು ಸಾನ್ವಿ.

“ನಿನ್ನೆ ಮದುವೆ ಇತ್ತು ಕಣವ್ವ. ಮಿಕ್ಕ ಬ್ಯಾಂಡ್ ಇನ್ನೂ ಮಲಗೈತೆ,” ಎಂದರು ಅವರು.

ಮೇಲಿನ ಮನೆಯ ವಿಶಾಲಾಕ್ಷಮ್ಮ ಕಿಟಕಿಯಿಂದ ಬಗ್ಗಿದರು. “ಮುನಿಗಂಗಪ್ಪನೋರೇ, ಮದುಮಗ ಎಲ್ರೀ?”

“ಇಲ್ಲೇ ಇದೀನಿ ಆಂಟಿ!” ಸಾನ್ವಿ ಜರಿ ಲಂಗ ಎತ್ತಿ ಹಿಡಿದು ಓಡಿ ಬಂದಳು. ಗಲ್ಲಿಯ ಬಾಯಲ್ಲಿ ಲೋಹಿತ್ ಕೈಕಟ್ಟಿ ನಿಂತಿದ್ದ.

ತಾತ ಸ್ಟೂಲನ್ನು ಕರಕರ ಎಳೆದು ಮೇಡಂ ಪಕ್ಕ ಇಟ್ಟರು. ಆಮೇಲೆ ಮೇಡಂನ ಹಿಡಿದುಕೊಳ್ಳಲು ಮುಂದೆ ಹೋದರು. ಸಾನ್ವಿ ಸ್ಟೂಲ್ ಹತ್ತಿದಳು. ಅಲ್ಲಿಂದ ಅವಳಿಗೆ ಕಾಣಿಸಿತು.

ಸ್ಟೂಲಿನ ಸದ್ದು ಕೇಳಿದ್ದೇ ಮೇಡಂ ನಾಲ್ಕೂ ಕಾಲನ್ನು ಅಗಲಿಸಿ, ಕತ್ತು ಬಿಗಿ ಮಾಡಿ ನಿಂತಿದ್ದರು. ಮುಂದಿನ ಒಂದು ಮೊಣಕಾಲು ಗಡಗಡ ನಡುಗುತ್ತಿತ್ತು. ಮೇಡಂ ಆ ಕಾಲನ್ನು ಸ್ವಲ್ಪ ಎತ್ತಿದರು. ಮತ್ತೆ ಊರಿದರು. ಮತ್ತೆ ನಡುಗಿತು. ಆದರೂ ಒಂದಿಷ್ಟೂ ಪಕ್ಕಕ್ಕೆ ಸರಿಯಲಿಲ್ಲ. ಅವಳು ಕೂರಲಿ ಎಂದು ಕಾಯುತ್ತಿದ್ದರು, ಅಷ್ಟೇ.

ಜೀನು ಕೈಗೆಟುಕುವಷ್ಟು ಹತ್ತಿರವಿತ್ತು. ಆರು ವರ್ಷ ಕಾದಿದ್ದಳು. ಇನ್ನು ಒಂದು ಕಾಲು ಎತ್ತಿ ಹಾಕಿದರಾಯಿತು.

“ತಾತ, ನಂಗೆ ಹೊಟ್ಟೆ ನೋವು.”

“ಏನು? ಈಗ ತಾನೆ ನಾಲ್ಕು ದೋಸೆ ತಿಂದ್ಯಲ್ಲೇ!”

“ಅದಕ್ಕೇ ಇರ್ಬೇಕು.”

“ಏನಾಗಲ್ಲ, ಹತ್ತಮ್ಮ. ನಾನು ಮಾತು ಕೊಟ್ಟಿದೀನಿ.”

“ಹತ್ತಿದ್ರೆ ವಾಂತಿ ಆಗತ್ತೆ ತಾತ. ಮೇಡಂನ ಈಗಷ್ಟೇ ತೊಳ್ದಿದೀಯ.” ಸಾನ್ವಿ ಸ್ಟೂಲಿನಿಂದ ಕೆಳಗೆ ಹಾರಿದಳು. “ಜೀನೂ ಬಿಚ್ಚಿಬಿಡು. ಸುಮ್ನೆ ಭಾರ.”

“ಹೆದರ್ಕೊಂಡ್ಲು! ಹೆದರ್ಕೊಂಡ್ಲು!” ಲೋಹಿತ್ ಕೂಗಿದ. “ನಂಗೆ ಮೊದ್ಲೇ ಗೊತ್ತಿತ್ತು!”

ಸಾನ್ವಿಯ ಕಿವಿ ಬಿಸಿಯಾಯಿತು. ತಿರುಗಿ ಹತ್ತಿ ತೋರಿಸಿಬಿಡಲೇ ಅನ್ನಿಸಿತು. ಹತ್ತಲಿಲ್ಲ. ತಾತ ಅವಳ ಮುಖ ನೋಡಿದರು. ಆಮೇಲೆ ಬಗ್ಗಿ ಮೇಡಂನ ಮೊಣಕಾಲು ನೋಡಿದರು. ಜೀನಿನ ಪಟ್ಟಿ ಬಿಚ್ಚಿದರು.

ಅಷ್ಟರಲ್ಲಿ ಇದ್ಯಾವುದೂ ಗೊತ್ತಿಲ್ಲದ ರೇವಣಸಿದ್ದಯ್ಯ ಡ್ರಮ್ಮಿಗೆ ಎರಡು ಏಟು ಬಿಟ್ಟರು. ಅಲ್ಲಿಗೆ ಮುಗಿಯಿತು. ಮೇಡಂ ಕಿವಿ ನಿಮಿರಿಸಿ ಕಂಬದಂತೆ ನಿಂತರು. ತಾತ ಹಗ್ಗ ಎಳೆದರು, ಕುಚ್ಚು ಕಿತ್ತರು, ಬೆಲ್ಲ ತೋರಿಸಿದರು. ಊಹೂಂ.

“ಡ್ಯೂಟಿ ಶುರುವಾಯ್ತು ಅಂದ್ಕೊಂಡಿದಾರೆ. ಇನ್ನು ಯಾರಾದ್ರೂ ಕುಣೀಬೇಕು,” ಎಂದರು ತಾತ. “ಯಮುನಾ, ನೀನು?”

“ನಾನಾ? ಮೂರು ಗಂಟೆಗೆ ಎದ್ದೋಳು ಕಣಪ್ಪ ನಾನು, ನಿಂತಿರೋದೇ ಹೆಚ್ಚು,” ಎಂದಳು ಅಮ್ಮ.

ಮುರುಗೇಶನ ಫೋನ್ ಬಂತು. “ಅಣ್ಣಾ, ಎಲ್ಲಿದೀರ? ಗಾಡಿ ತೆಗೀರಿ ಅಂತ ಪೊಲೀಸ್ನೋರು ಬೈತಾವ್ರೆ!”

ಸಾನ್ವಿ ಸ್ಕೂಲ್ ಡೇ ನಾಟಕದಲ್ಲಿ ತಾನೇ ಕೇಳಿ ಮರದ ಪಾರ್ಟ್ ತಗೊಂಡವಳು. ಮರ ಕುಣಿಯಬೇಕಾಗಿಲ್ಲ ಎಂಬುದೊಂದೇ ಕಾರಣ. ಈಗ ಅವಳು ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ ಮೇಡಂ ಮುಂದೆ ಹೋಗಿ ನಿಂತಳು. ಎರಡೂ ಕೈ ಮೇಲೆತ್ತಿ ಆಡಿಸಿದಳು. ಮೇಡಂ ನೋಡಿದರು. ‘ಇಷ್ಟೇನಾ?’

ಸಾನ್ವಿ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಕೈಕಾಲೆಲ್ಲ ಬೀಸಿ ಕುಣಿದಳು. ಮೇಡಂ ಒಂದು ಹೆಜ್ಜೆ ಇಟ್ಟರು.

“ಮಗಾ, ಅದು ಸ್ಟೆಪ್ಪಾ? ಸೊಳ್ಳೆ ಓಡಿಸ್ತಿದೀಯಾ?” ಲೋಹಿತ್ ಹೊಟ್ಟೆ ಹಿಡಿದುಕೊಂಡು ನಕ್ಕ.

“ತಾಕತ್ತಿದ್ರೆ ನೀನ್ ಮಾಡೋ!”

ಲೋಹಿತ್ ಸುಮ್ಮನೆ ಬಿಡುವವನೇ? ಬ್ಯಾಗ್ ಎಸೆದು ಬಂದ. ಅವನ ಸ್ಟೆಪ್ಪು ಇನ್ನೂ ಕೆಟ್ಟದಾಗಿತ್ತು. ಹಾಗೆ ಇಬ್ಬರೂ ಸೊಳ್ಳೆ ಓಡಿಸುತ್ತಾ ಮುಂದೆ, ಖಾಲಿ ಬೆನ್ನಿನ ಮೇಡಂ ಹಿಂದೆ, ನಾಲ್ಕು ಬೀದಿ ದಾಟಿದರು. ಸ್ಕೂಲ್ ಗೇಟಿನಲ್ಲಿ ಇಡೀ ಕ್ಲಾಸು ನಿಂತು ನೋಡಿತು. ಮೇಡಂ ಯಾರ ಕಡೆಯೂ ತಿರುಗದೆ ಹಲಗೆ ಹತ್ತಿ ಟೆಂಪೋದೊಳಗೆ ಹೋಗಿ, ಅಲ್ಲಿ ಉದುರಿದ್ದ ಸೇವಂತಿಗೆಯನ್ನು ಮೂಸತೊಡಗಿದರು.

“ಯಾಕಮ್ಮ ಕುದುರೆ ಹತ್ತಲಿಲ್ಲ?” ವಿನುತಾ ಮೇಡಂ ಕೇಳಿದರು.

“ಹೊಟ್ಟೆ ನೋವು ಮೇಡಂ,” ಎಂದಳು ಸಾನ್ವಿ, ಏದುಸಿರು ಬಿಡುತ್ತಾ.

ಎರಡು ವಾರ ಕಳೆದ ಮೇಲೆ ತಾತ ಮತ್ತು ಸಾನ್ವಿ ತೋಟಕ್ಕೆ ಹೋದರು. ಪಿಳ್ಳಮ್ಮ ಬೇಲಿ ಹತ್ತಿರವೇ ಜಗಳಕ್ಕೆ ನಿಂತಿದ್ದರು.

“ಏನಣ್ಣ, ಬಿಳಿ ಕುದುರೆ ಅಂತ ಹೇಳಿ ಕೆಂಪು ಕುದುರೆ ಕಳಿಸಿದೀಯಲ್ಲ!”

ನಿಜವೇ. ಹೊಂಗೆ ಮರದ ಕೆಳಗೆ ಮೇಡಂ ಬೆನ್ನು ನೆಲಕ್ಕೆ ಹಾಕಿ, ನಾಲ್ಕು ಕಾಲನ್ನೂ ಆಕಾಶಕ್ಕೆ ಮಾಡಿ, ಕೆಮ್ಮಣ್ಣಿನಲ್ಲಿ ಹೊರಳಾಡುತ್ತಿದ್ದರು. ಬಾಲದ ತುದಿಯವರೆಗೂ ಕೆಂಪು.

“ದಿನಾ ಇದೇ ಕೆಲ್ಸ,” ಎಂದರು ಪಿಳ್ಳಮ್ಮ. “ಮೇಡಂ ಅಂತೆ ಮೇಡಂ!”

ತಾತ ಬಾಯಿ ತೆರೆದು ನೋಡುತ್ತಾ ನಿಂತರು. “ಕೊಳೆ ಆಗ್ತಾರೆ ಅಂತ ನಾನು ಯಾವತ್ತೂ ಹೊರಳೋಕೇ ಬಿಟ್ಟಿಲ್ಲ ಕಣೆ. ಇಷ್ಟು ಇಷ್ಟ ಅಂತ ಗೊತ್ತೇ ಇರ್ಲಿಲ್ಲ.”

ಸಾನ್ವಿ ಹೋಗಿ ಮೇಡಂ ಪಕ್ಕದಲ್ಲೇ ಮಣ್ಣಿನಲ್ಲಿ ಕೂತಳು. ಮೇಡಂ ಅವಳ ತಲೆ ಮೂಸಿ, ಎದ್ದು, ಮೈ ಕೊಡವಿದರು. ಇಬ್ಬರೂ ಧೂಳಿನಲ್ಲಿ ಮರೆಯಾದರು. ಮೇಡಂ ನಿಧಾನವಾಗಿ ತೊಟ್ಟಿಯ ಕಡೆ ಹೋಗಿ ನೀರು ಕುಡಿದರು. ಅವರಿಗೆ ಬೇಕೆನ್ನಿಸಿದ್ದಕ್ಕೆ ಹೋಗಿದ್ದರು. ಮುಂದೆ ಯಾರೂ ಕುಣಿದಿರಲಿಲ್ಲ.

ತಾತ ಹತ್ತಿರ ಬಂದರು. “ಇಲ್ಲಿ ನೆಲ ಮೆತ್ತಗಿದೆ. ಒಂದೇ ಒಂದು ಸುತ್ತು ಕೂತ್ಕೋಮ್ಮ. ನನ್ನ ಹೆಸರಾದ್ರೂ ಉಳೀಲಿ.”

ಸಾನ್ವಿ ಮೇಡಂನ ಕೆಂಪು ಬೆನ್ನನ್ನು ನೋಡಿದಳು.

“ಬೇಡ ತಾತ. ಬಟ್ಟೆ ಕೊಳೆ ಆಗತ್ತೆ.”

ಅವಳ ಫ್ರಾಕು ಆಗಲೇ ಕುತ್ತಿಗೆಯವರೆಗೂ ಕೆಂಪಾಗಿತ್ತು. ತಾತ ಅದನ್ನು ನೋಡಿದರು. ಮತ್ತೆ ಕೇಳಲಿಲ್ಲ.

ತಾತ ಕೊಟ್ಟ ಮಾತು ನಡೆಯಲಿಲ್ಲ. ಸಾನ್ವಿ ಮೇಡಂ ಮೇಲೆ ಒಂದು ದಿನವೂ ಕೂರಲಿಲ್ಲ.