ಕುರ್ಚಿಯ ಮೇಲಿನ ಮುಚ್ಚಳ

"ಏಳ್ರೀ ಮೇಲೆ. ಆ ಕುರ್ಚಿ ಖಾಲಿ ಇಲ್ಲ."

ಜುವಾನ್ ಅವನಿಗೆ ಹೇಳಿದ ಮೊದಲ ಮಾತೇ ಅದು. ಚೀನಾದ ಚೆಂಗ್ಡುವಿನ ಹಳೇ ಉದ್ಯಾನದ ಚಹಾ ಅಂಗಳದಲ್ಲಿ, ಬಿದಿರು ಕುರ್ಚಿಯ ಮೇಲೆ ಚಹಾ ಬಟ್ಟಲಿನ ಮುಚ್ಚಳ ಇಟ್ಟು ಹೋದರೆ 'ವಾಪಸ್ ಬರ್ತೀನಿ, ಜಾಗ ಇರಲಿ' ಎಂದರ್ಥ. ಅದು ಗೊತ್ತಿಲ್ಲದೆ ಮುಚ್ಚಳ ಸರಿಸಿ ಕೂತವನು ಹೈಫೆಂಗ್. ಉದ್ಯಾನದ ಕಲ್ಲಿನ ಸ್ತಂಭ ದುರಸ್ತಿಗೆಂದು ಉತ್ತರದಿಂದ ಬಂದ ಕಲ್ಲುಕುಟಿಗ.

ಬೈಸಿಕೊಂಡವನು ಮರುದಿನ ಅವಳ ಹತ್ತಿರವೇ ಕಿವಿ ಶುಚಿ ಮಾಡಿಸಿಕೊಳ್ಳಲು ಬಂದ. ಚಹಾಕ್ಕೆ ಬಂದವರ ಕಿವಿ ಶುಚಿ ಮಾಡುವುದು ಅಪ್ಪನಿಂದ ಬಂದ ಅವಳ ಕಸುಬು. ಆಮೇಲೆ ಮೂರು ತಿಂಗಳು ಅವನು ಒಂದು ದಿನವೂ ತಪ್ಪಿಸಲಿಲ್ಲ. ಅಷ್ಟು ಕೊಳೆ ಯಾರ ಕಿವಿಯಲ್ಲಿರುತ್ತದೆ ಹೇಳಿ!

ನಿನ್ನೆ ಸ್ತಂಭದ ಕೆಲಸ ಮುಗಿಯಿತು. ನಾಳೆ ನಾಲ್ಕರ ರೈಲಿಗೆ ಟಿಕೆಟ್ ಆಗಿದೆ ಎಂದು ಹೇಳಿ, ಅವನು ಅವಳ ಮುಖವನ್ನೇ ನೋಡುತ್ತಾ ನಿಂತ. ಹೋಗಬೇಡ ಎನ್ನಲು ಅವಳ ಜೀವ ಒದ್ದಾಡಿತು. ಬಾಯಿಂದ ಬಂದದ್ದೇ ಬೇರೆ.

"ಹೋಗು. ನಿನ್ನನ್ನ ಹಿಡಿದಿಟ್ಕೊಂಡೋರು ಯಾರು?"

ಇವತ್ತು ಬೆಳಿಗ್ಗೆ ಅವನು ಬಂದು ಕೂತಾಗ, ಅವಳು ಬೇಕೆಂದೇ ಬೆನ್ನು ಹಾಕಿ ಇನ್ನೊಬ್ಬರ ಕಿವಿಗೆ ಬಗ್ಗಿದಳು. ತಿರುಗಿದಾಗ ಅವನಿರಲಿಲ್ಲ. ಕುರ್ಚಿಯ ಮೇಲೆ ಮುಚ್ಚಳ ಮಾತ್ರ ಇತ್ತು.

ಬರ್ತೀನಿ ಅಂತಲೇ ಇಟ್ಟನಾ... ಎಲ್ಲೋ ಒಂದು ಕಡೆ ಇಡಬೇಕಲ್ಲ ಅಂತ ಇಟ್ಟು ಹೋದನಾ...

ಭಾನುವಾರದ ಜನಜಾತ್ರೆ. ಆ ಕುರ್ಚಿ ಕೇಳಿದವರನ್ನೆಲ್ಲ ಅವಳು ಗದರಿ ಕಳಿಸಿದಳು. ಎರಡು ಸಲ ಫೋನ್ ಕೈಗೆತ್ತಿಕೊಂಡು ಹಾಗೇ ಇಟ್ಟಳು. ಏನೆಂದು ಕೇಳುವುದು? ಒಬ್ಬ ತಾತನಂತೂ ಇವತ್ತು ಕಿವಿಯನ್ನೇ ಕಿತ್ತು ಕೈಗೆ ಕೊಡ್ತೀಯೇನಮ್ಮ ಎಂದು ಅರ್ಧಕ್ಕೇ ಎದ್ದು ಹೋದ.

ಮೂರಾಯಿತು. ನಾಲ್ಕೂ ಆಯಿತು. ರೈಲು ಹೊರಟಿರುತ್ತದೆ.

ಐದಕ್ಕೆ ಚಹಾ ಅಂಗಳ ನಡೆಸುವ ಪು ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಉತ್ತರದವನು ಕಣೇ. ಅವನಿಗೆ ಮುಚ್ಚಳಾನೂ ಒಂದೇ, ಟೋಪೀನೂ ಒಂದೇ. ತೆಗಿ ಅದನ್ನ."

ಜುವಾನ್ ಕುರ್ಚಿಯ ಹತ್ತಿರ ಹೋದಳು. ಮುಚ್ಚಳಕ್ಕೆ ಕೈ ಚಾಚಿದಳು.

"ಮುಟ್ಬೇಡ. ಆ ಕುರ್ಚಿ ಖಾಲಿ ಇಲ್ಲ."

ಹಿಂದೆ ಹೈಫೆಂಗ್ ಏದುಸಿರು ಬಿಡುತ್ತಾ ನಿಂತಿದ್ದ. ಎರಡೂ ಕಿವಿ ಕೆಂಪಗಾಗಿದ್ದವು.

"ರೈಲು...?"

"ಟಿಕೆಟ್ ರದ್ದು ಮಾಡ್ಸಿದೆ. ನಿನ್ನನ್ನೇ ಕೇಳಿದ್ರೆ ಹೋಗು ಅಂತೀಯ. ಅದಕ್ಕೆ ನಿಮ್ಮೂರು ದುಜಿಯಾಂಗ್‌ಯಾನ್‌ಗೆ ಹೋಗಿ ನಿಮ್ಮಪ್ಪನ್ನ ಕೇಳಿದೆ. ಎರಡೂ ಕಿವಿ ಶುಚಿ ಮಾಡಿ ಮುಗಿಸೋವರೆಗೂ ಅವರು ಬಾಯೇ ಬಿಡಲಿಲ್ಲ."

"ಆಮೇಲೆ ಏನಂದ್ರು?"

"ನನ್ನ ಮಗಳು ಮನಸ್ಸಲ್ಲೊಂದು ಇಟ್ಕೊಂಡು ಬಾಯಲ್ಲೊಂದು ಹೇಳ್ತಾಳೆ, ಚೆನ್ನಾಗಿ ಕೇಳಿಸ್ಕೋ, ಅಂದ್ರು."

ಅವಳ ಕಣ್ಣು ತುಂಬಿ ಬಂತು. ಪು ಅಕ್ಕ ನೋಡುತ್ತಿದ್ದಾಳೆ ಎನ್ನುವುದನ್ನೂ ಮರೆತು, ಆ ಕೆಂಪು ಕಿವಿಯ ಹತ್ತಿರ ಬಗ್ಗಿದಳು.

"ಈಗ ಸರಿಯಾಗಿ ಕೇಳಿಸುತ್ತಾ?"

"ಕೇಳಿಸುತ್ತೆ. ಹೇಳು."

"ಹೋಗ್ಬೇಡ."